ಟ್ರಕ್ಕಿನ ಚಕ್ರ ಬಿಚ್ಚುವ ಮುಂಚೆ: ಗಾಳಿ ಸೆನ್ಸರ್ ಇರುವ ಗಾಡಿಯಲ್ಲಿ ಟೈರ್ ಬದಲಿಸುವುದು ಹೇಗೆ

ಪಿಕಪ್ ಟ್ರಕ್ಕಿನ ಹಿಂದಿನ ಚಕ್ರಗಳನ್ನು ಮುಂದಕ್ಕೆ, ಮುಂದಿನವನ್ನು ಹಿಂದಕ್ಕೆ ಹಾಕಿದ್ದೆ. ಟೈರ್ ಸಮವಾಗಿ ಸವೆಯಲಿ ಅಂತ ಎಲ್ಲರೂ ಮಾಡುವ ಕೆಲಸವೇ. ನಾಲ್ಕು ದಿನದ ಮೇಲೆ ಡ್ಯಾಶ್‌ಬೋರ್ಡಿನಲ್ಲಿ ಬಲಗಡೆ ಹಿಂದಿನ ಚಕ್ರದ ಗಾಳಿ ಇಳಿಯುತ್ತಿದೆ ಅಂತ ದೀಪ ಬಂತು. ಇಳಿದು ಗೇಜ್ ಹಾಕಿ ನೋಡಿದೆ. ಗಾಳಿ ಸರಿಯಾಗಿಯೇ ಇತ್ತು. ಸೆನ್ಸರ್ ಕೆಟ್ಟಿರಬೇಕು ಅಂದುಕೊಂಡು ಎರಡು ದಿನ ಹಾಗೇ ಓಡಿಸಿದೆ. ನಿಜವಾಗಿ ಗಾಳಿ ಸೋರುತ್ತಿದ್ದದ್ದು ಬಲಗಡೆ ಮುಂದಿನ ಚಕ್ರದಲ್ಲಿ. ಗೊತ್ತಾಗುವ ಹೊತ್ತಿಗೆ ಆ ಟೈರಿನ ಪಕ್ಕೆ ಬಿಸಿಯಾಗಿ ಒಳಗಿನಿಂದ ಪುಡಿ ಉದುರುತ್ತಿತ್ತು. ಒಂದು ಒಳ್ಳೆಯ ಟೈರ್ ಹಾಳಾಯಿತು. ಅದು ಹೆದ್ದಾರಿಯಲ್ಲಿ ಒಡೆಯಲಿಲ್ಲ ಅನ್ನುವುದೇ ದೊಡ್ಡ ಪುಣ್ಯ.

ಅಲ್ಲಿ ಸೆನ್ಸರ್ ಸುಳ್ಳು ಹೇಳಿರಲಿಲ್ಲ. ಸೆನ್ಸರಿಗೆ ತಾನು ಯಾವ ಜಾಗದಲ್ಲಿದ್ದೇನೆ ಅಂತ ಗೊತ್ತೇ ಇರುವುದಿಲ್ಲ. ಅದಕ್ಕೆ ಗೊತ್ತಿರುವುದು ತನ್ನ ಗುರುತಿನ ಸಂಖ್ಯೆ ಒಂದೇ. "ನಾನು ಇಂಥ ನಂಬರಿನವನು, ನನ್ನ ಒತ್ತಡ ಇಷ್ಟು, ಬಿಸಿ ಇಷ್ಟು" ಅಂತ ಅದು ರೇಡಿಯೋದಲ್ಲಿ ಹೇಳುತ್ತದೆ. ಯಾವ ನಂಬರ್ ಯಾವ ಮೂಲೆಯಲ್ಲಿದೆ ಅನ್ನುವ ಲೆಕ್ಕ ಇಟ್ಟುಕೊಳ್ಳುವುದು ಗಾಡಿಯ ಕಂಪ್ಯೂಟರ್. ನಾವು ಚಕ್ರ ಅದಲುಬದಲು ಮಾಡಿದರೆ ಆ ಲೆಕ್ಕ ತಪ್ಪುತ್ತದೆ. ಇದೊಂದು ಮಾತು ತಲೆಯಲ್ಲಿದ್ದರೆ ಮುಂದಿನ ಹೆಜ್ಜೆಗಳು ತಾವಾಗಿಯೇ ಅರ್ಥವಾಗುತ್ತವೆ.

ಮೊದಲು ನಿಮ್ಮ ಗಾಡಿಯಲ್ಲಿ ಯಾವುದಿದೆ ನೋಡಿ

ಗಾಳಿ ಕಾಯುವ ವ್ಯವಸ್ಥೆ, ಅಂದರೆ ಟಿಪಿಎಂಎಸ್, ಎರಡು ಬಗೆಯದು. ಒಂದರಲ್ಲಿ ಚಕ್ರದ ಒಳಗೆ ಸೆನ್ಸರೇ ಇರುವುದಿಲ್ಲ. ಗಾಳಿ ಕಡಿಮೆಯಾದ ಟೈರ್ ಸ್ವಲ್ಪ ಜಾಸ್ತಿ ಸಲ ಸುತ್ತುತ್ತದಲ್ವಾ, ಅದನ್ನು ಎಬಿಎಸ್ ಬ್ರೇಕಿನ ವೇಗದ ಸೆನ್ಸರುಗಳಿಂದ ಕಂಡುಹಿಡಿಯುತ್ತದೆ. ಅಂಥ ಗಾಡಿಯಲ್ಲಿ ಚಕ್ರ ಬದಲಿಸಿ, ಗಾಳಿ ತುಂಬಿ, ರಿಸೆಟ್ ಒತ್ತಿದರೆ ಕೆಲಸ ಮುಗಿಯಿತು. ಇನ್ನೊಂದರಲ್ಲಿ ಪ್ರತಿ ಚಕ್ರದ ಒಳಗೂ ಬ್ಯಾಟರಿ ಇರುವ ಪುಟ್ಟ ಸೆನ್ಸರ್ ಕೂತಿರುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಒಂದೊಂದು ಚಕ್ರಕ್ಕೂ ಬೇರೆಬೇರೆ ಪಿಎಸ್‌ಐ, ಅಂದರೆ ಗಾಳಿಯ ಒತ್ತಡದ ಅಂಕಿ, ಕಾಣಿಸಿದರೆ ನಿಮ್ಮದು ಈ ಎರಡನೆಯ ಬಗೆಯೇ. ಈ ಲೇಖನ ಅದರ ಬಗ್ಗೆ.

ಅಮೆರಿಕದಲ್ಲಿ 2000ದಲ್ಲಿ ಬಂದ ಟ್ರೆಡ್ ಅನ್ನುವ ವಾಹನ ಸುರಕ್ಷತಾ ಕಾಯ್ದೆಯ ನಂತರ, 2008ರ ಮಾಡೆಲ್‌ನಿಂದ 10,000 ಪೌಂಡ್‌ವರೆಗಿನ ತೂಕದ ದರ್ಜೆಯ ಹೊಸ ಕಾರು, ವ್ಯಾನು, ಪಿಕಪ್‌ಗಳಿಗೆ (ಜೋಡಿ ಚಕ್ರದವನ್ನು ಬಿಟ್ಟು) ಟಿಪಿಎಂಎಸ್ ಕಡ್ಡಾಯವಾಯಿತು. ಅದಕ್ಕಿಂತ ಭಾರದ ಟ್ರಕ್ಕುಗಳು ಆ ನಿಯಮದ ಹೊರಗಿವೆ. ಹಾಗಾಗಿ ಒಂದೇ ಕಂಪನಿಯ ಚಿಕ್ಕ ಪಿಕಪ್‌ನಲ್ಲಿ ಇದ್ದು, ಅದರ ದೊಡ್ಡಣ್ಣನಲ್ಲಿ ಇಲ್ಲದಿರಬಹುದು. ಯೂರೋಪಿನಲ್ಲಿ ಲಾರಿ, ಟ್ರೇಲರ್‌ಗಳಿಗೂ ಕಡ್ಡಾಯ ಮಾಡಿದ್ದಾರೆ: 2022ರ ಜುಲೈಯಿಂದ ಹೊಸ ಮಾದರಿಗಳಿಗೆ, 2024ರ ಜುಲೈಯಿಂದ ಎಲ್ಲ ಹೊಸ ಗಾಡಿಗಳಿಗೆ.

ಒಂದು ಎಚ್ಚರ. ವಾಲ್ವಿನ ಕಡ್ಡಿ ಲೋಹದ್ದಾದರೆ ಮಾತ್ರ ಒಳಗೆ ಸೆನ್ಸರ್ ಇರುತ್ತದೆ ಅಂತ ಹಲವರು ನಂಬಿದ್ದಾರೆ. ರಬ್ಬರ್ ವಾಲ್ವಿನ ಬುಡಕ್ಕೂ ಸೆನ್ಸರ್ ಕಟ್ಟಿರುವ ಗಾಡಿಗಳು ಬೇಕಾದಷ್ಟಿವೆ. ಕೆಲವು ಹಳೆಯ ಪಿಕಪ್‌ಗಳಲ್ಲಿ ಸೆನ್ಸರ್ ವಾಲ್ವಿನ ಹತ್ತಿರವೇ ಇರುವುದಿಲ್ಲ. ಅದನ್ನು ರಿಮ್ಮಿನ ಸುತ್ತ ಲೋಹದ ಪಟ್ಟಿಯಿಂದ ಬಿಗಿದು, ವಾಲ್ವಿಗೆ ಎದುರು ಬದಿಯಲ್ಲಿ ಕೂರಿಸಿರುತ್ತಾರೆ. ಹೊರಗಿನಿಂದ ನೋಡಿ ತೀರ್ಮಾನ ಮಾಡಬೇಡಿ.

ಜಾಕ್ ಮುಟ್ಟುವ ಮುಂಚೆ ಓದಿ, ಬರೆದಿಡಿ

ಇಡೀ ಕೆಲಸದಲ್ಲಿ ನಾನು ಅತಿ ಮುಖ್ಯ ಅನ್ನುವ ಹೆಜ್ಜೆ ಇದು. ಜನ ಹೆಚ್ಚಾಗಿ ಬಿಟ್ಟುಬಿಡುವುದೂ ಇದನ್ನೇ.

ಸೆನ್ಸರ್ ಓದುವ ಕೈಯುಪಕರಣ ಸಿಗುತ್ತದೆ. ಅದನ್ನು ವಾಲ್ವಿನ ಹತ್ತಿರ ಟೈರಿನ ಪಕ್ಕೆಗೆ ಹಿಡಿದು ಗುಂಡಿ ಒತ್ತಿದರೆ 125 ಕಿಲೋಹರ್ಟ್ಸ್‌ನ ಅಲೆ ಹೋಗಿ ಮಲಗಿರುವ ಸೆನ್ಸರನ್ನು ಎಬ್ಬಿಸುತ್ತದೆ. ಸೆನ್ಸರ್ ಉತ್ತರ ಕೊಡುವುದು 315 ಅಥವಾ 433 ಮೆಗಾಹರ್ಟ್ಸ್‌ನಲ್ಲಿ. ಪರದೆಯ ಮೇಲೆ ಅದರ ನಂಬರ್, ಒತ್ತಡ, ಬಿಸಿ, ಕೆಲವುಗಳಲ್ಲಿ ಬ್ಯಾಟರಿಯ ಸ್ಥಿತಿ ಬರುತ್ತದೆ. ನಾಲ್ಕೂ ಚಕ್ರ ಓದಿ. ಒಂದು ಹಾಳೆಯಲ್ಲಿ ಗಾಡಿಯ ಚಿತ್ರ ಗೀಚಿ, ಎಡ ಮುಂದೆ, ಬಲ ಮುಂದೆ, ಬಲ ಹಿಂದೆ, ಎಡ ಹಿಂದೆ ಅಂತ ಪ್ರತಿಯೊಂದರ ನಂಬರ್ ಬರೆಯಿರಿ. ಟೈರಿನ ಮೇಲೂ ಸೀಮೆಸುಣ್ಣದಲ್ಲಿ ಯಾವ ಜಾಗದ್ದು ಅಂತ ಗುರುತು ಹಾಕಿ.

ಇದರಿಂದ ಎರಡು ಲಾಭ. ಯಾವ ಸೆನ್ಸರ್ ಈಗಾಗಲೇ ಸತ್ತಿದೆ ಅಂತ ಟೈರ್ ಬಿಚ್ಚುವ ಮೊದಲೇ ಗೊತ್ತಾಗುತ್ತದೆ. ಟೈರ್ ಅಂಗಡಿಗೆ ಕೊಡುವವರಾದರೆ ಈ ಹಾಳೆ ಇನ್ನೂ ಮುಖ್ಯ. "ನೀವು ತರುವಾಗಲೇ ಕೆಟ್ಟಿತ್ತು", "ಇಲ್ಲ, ನೀವೇ ಮುರಿದಿರಿ" ಅನ್ನುವ ಜಗಳಕ್ಕೆ ಜಾಗವೇ ಇರುವುದಿಲ್ಲ. ನನಗೆ ಒಮ್ಮೆ ಒಂದು ಅಂಗಡಿಯಲ್ಲಿ ಹಾಗಾಗಿತ್ತು. ಹಾಳೆ ಇಲ್ಲದ ಕಾರಣ ಹೊಸ ಸೆನ್ಸರಿನ ದುಡ್ಡು ನಾನೇ ಕೊಟ್ಟೆ.

ಸೆನ್ಸರಿನ ಬ್ಯಾಟರಿ ಸಾಮಾನ್ಯವಾಗಿ 5ರಿಂದ 10 ವರ್ಷ ಬಾಳುತ್ತದೆ. ಅದನ್ನು ಒಳಗೆ ಅಂಟಿನಿಂದ ಮುಚ್ಚಿರುತ್ತಾರೆ, ಬದಲಿಸಲು ಬರುವುದಿಲ್ಲ. ಗಾಡಿಗೆ ಏಳೆಂಟು ವರ್ಷವಾಗಿದ್ದು ನಾಲ್ಕೂ ಟೈರ್ ಹೇಗೂ ಬಿಚ್ಚುತ್ತಿದ್ದರೆ, ನಾಲ್ಕೂ ಸೆನ್ಸರ್ ಆಗಲೇ ಬದಲಿಸಿಬಿಡಿ. ಒಂದು ಸತ್ತ ಮೇಲೆ ಉಳಿದ ಮೂರಕ್ಕೂ ಅದೇ ವಯಸ್ಸು. ಆಮೇಲೆ ಒಂದೊಂದಕ್ಕೂ ಮತ್ತೆ ಟೈರ್ ಬಿಚ್ಚುವ ಕೂಲಿ ಕೊಡುವುದು ನಷ್ಟ.

ಸ್ಟೆಪ್ನಿಯನ್ನೂ ಓದಿ ನೋಡಿ. ಬಹಳ ಟ್ರಕ್ಕುಗಳಲ್ಲಿ ಸ್ಟೆಪ್ನಿಗೆ ಸೆನ್ಸರ್ ಇರುವುದಿಲ್ಲ. ಅದನ್ನು ಹಾಕಿ ಓಡಿಸಿದರೆ ಸ್ವಲ್ಪ ಹೊತ್ತಿನಲ್ಲಿ ದೀಪ ಬರುವುದು ಸಹಜ, ಹೆದರಬೇಕಾಗಿಲ್ಲ.

ರಿಮ್ಮಿನಿಂದ ಟೈರ್ ಬಿಡಿಸುವಾಗ

ರಿಮ್ ಸಮೇತ ಚಕ್ರವನ್ನೇ ಬದಲಿಸುವವರು ಈ ಭಾಗ ದಾಟಿ ಮುಂದೆ ಹೋಗಬಹುದು. ಟೈರನ್ನು ರಿಮ್ಮಿನಿಂದ ಬಿಡಿಸುವವರು ನಿಧಾನವಾಗಿ ಓದಿ. ಸೆನ್ಸರುಗಳು ಮುರಿಯುವುದು ಇಲ್ಲೇ.

ಮೊದಲು ವಾಲ್ವಿನ ಒಳಗಿನ ಪಿನ್ನು ಬಿಚ್ಚಿ ಗಾಳಿಯನ್ನು ಪೂರ್ತಿ ಬಿಡಿ. ಆಮೇಲೆ ಟೈರಿನ ಅಂಚನ್ನು ರಿಮ್ಮಿನಿಂದ ಒತ್ತಿ ಬಿಡಿಸಬೇಕಲ್ವಾ, ಆ ಒತ್ತುವ ಹಲಗೆಯನ್ನು ವಾಲ್ವಿನ ಹತ್ತಿರ ಎಂದೂ ಇಡಬೇಡಿ. ವಾಲ್ವಿನಿಂದ ಕಾಲು ಸುತ್ತು ಆಚೆಗೆ, ಎಡಕ್ಕೂ ಬಲಕ್ಕೂ ಒತ್ತಿ. ಹೀಗೆ ಮಾಡಿದರೆ ಸೆನ್ಸರ್ ವಾಲ್ವಿನ ಬುಡದಲ್ಲಿದ್ದರೂ ಸರಿ, ಪಟ್ಟಿ ಕಟ್ಟಿದ ಹಳೆಯ ಬಗೆಯಾಗಿ ಎದುರು ಬದಿಯಲ್ಲಿದ್ದರೂ ಸರಿ, ಪೆಟ್ಟು ತಗಲುವುದಿಲ್ಲ.

ಲೋಹದ ಕಡ್ಡಿಯ ಸೆನ್ಸರ್ ಆದರೆ ಇನ್ನೊಂದು ಉಪಾಯವಿದೆ. ಗಾಳಿ ಪೂರ್ತಿ ಹೋದ ಮೇಲೆ ಹೊರಗಿನ ನಟ್ಟು ಬಿಚ್ಚಿ, ಸೆನ್ಸರನ್ನು ಮೆಲ್ಲಗೆ ಟೈರಿನ ಒಳಕ್ಕೆ ತಳ್ಳಿಬಿಡಿ. ಮೇಲಿನ ಅಂಚು ಬಿಟ್ಟುಕೊಂಡ ತಕ್ಷಣ ಕೈ ಹಾಕಿ ಹೊರಗೆ ತೆಗೆಯಿರಿ. ಮತ್ತೆ ನಿಶ್ಚಿಂತೆಯಿಂದ ಟೈರ್ ಬಿಚ್ಚಬಹುದು.

ಟೈರ್ ಎತ್ತುವ ರಾಡನ್ನು ಸೆನ್ಸರ್ ಇರುವ ಕಡೆ ತೂರಿಸಬೇಡಿ. ಹೊಸ ಟೈರ್ ಏರಿಸುವಾಗಲೂ ಅಷ್ಟೇ. ಕೊನೆಗೆ ಬಿಗಿಯಾಗಿ ಬಂದು ಒಳಗೆ ಬೀಳುವ ಅಂಚಿನ ತುಂಡು ಸೆನ್ಸರಿನ ಮೇಲೆ ಬೀಳದಂತೆ ಚಕ್ರ ತಿರುಗಿಸಿಕೊಂಡು ಶುರುಮಾಡಿ. ಟ್ರಕ್ ಟೈರಿನ ಪಕ್ಕೆ ಕಾರಿನದಕ್ಕಿಂತ ಗಡಸು. ಅದರ ಅಂಚು ಪ್ಲಾಸ್ಟಿಕ್ ಸೆನ್ಸರಿಗೆ ಒರಗಿದರೆ ಒಂದೇ ಸಲಕ್ಕೆ ಬಿರುಕು ಬಿಡುತ್ತದೆ.

ಟೈರಿನಲ್ಲಿ ಪಂಕ್ಚರ್ ಮುಚ್ಚುವ ದ್ರವ ಹಾಕಿದ್ದರೆ ಸೆನ್ಸರಿನ ಸಣ್ಣ ರಂಧ್ರ ಮುಚ್ಚಿಹೋಗಿರಬಹುದು. ಒದ್ದೆ ಬಟ್ಟೆಯಿಂದ ಮೇಲೆ ಒರೆಸಿ, ಸಾಕು. ರಂಧ್ರಕ್ಕೆ ಸೂಜಿ ಚುಚ್ಚುವುದು, ಜೋರಾಗಿ ಗಾಳಿ ಊದುವುದು ಬೇಡ.

ವಾಲ್ವಿನ ಸಣ್ಣ ಸಾಮಾನುಗಳು

ಹಳೆಯ ಸೆನ್ಸರನ್ನೇ ಮತ್ತೆ ಹಾಕುವುದಾದರೂ ಅದರ ರಬ್ಬರ್ ರಿಂಗು, ನಟ್ಟು, ಪಿನ್ನು, ಮುಚ್ಚಳ ಹೊಸದಾಗಿರಲಿ. ಇವೆಲ್ಲ ಒಂದೇ ಪೊಟ್ಟಣದಲ್ಲಿ ಸಿಗುತ್ತವೆ, ದುಬಾರಿಯೂ ಅಲ್ಲ. ಒಮ್ಮೆ ಒತ್ತಿಕೊಂಡ ರಬ್ಬರ್ ಎರಡನೆಯ ಸಲ ಅದೇ ರೀತಿ ಕೂರುವುದಿಲ್ಲ. ನಿಧಾನವಾಗಿ ಸೋರುತ್ತದೆ.

ಪಿನ್ನಿನ ಬಗ್ಗೆ ಒತ್ತಿ ಹೇಳುತ್ತೇನೆ. ಲೋಹದ ಕಡ್ಡಿಯ ಸೆನ್ಸರಿನಲ್ಲಿ ಆ ಕಡ್ಡಿ ಸಾಮಾನ್ಯವಾಗಿ ಅಲ್ಯೂಮಿನಿಯಂನದು. ಅದಕ್ಕೆ ಸಾದಾ ಹಿತ್ತಾಳೆಯ ಪಿನ್ನು ಅಥವಾ ಹಿತ್ತಾಳೆಯ ಮುಚ್ಚಳ ಹಾಕಿದರೆ, ನೀರು, ಉಪ್ಪು ಸೇರಿ ಅಲ್ಯೂಮಿನಿಯಂ ತಿಂದುಹೋಗಿ ಎರಡು ಲೋಹಗಳೂ ಕಚ್ಚಿಕೊಳ್ಳುತ್ತವೆ. ಮುಂದಿನ ಸಲ ಬಿಚ್ಚಲು ಹೋದರೆ ಕಡ್ಡಿಯೇ ಮುರಿದು ಕೈಗೆ ಬರುತ್ತದೆ. ನಿಕಲ್ ಲೇಪನದ ಪಿನ್ನು, ಪ್ಲಾಸ್ಟಿಕ್ ಅಥವಾ ಅಲ್ಯೂಮಿನಿಯಂ ಮುಚ್ಚಳವನ್ನೇ ಹಾಕಿ. ಪ್ಲಾಸ್ಟಿಕ್ ಆದರೆ ಇನ್ನೂ ಒಳ್ಳೆಯದು.

ಬಿಗಿಯುವಾಗ ಬಲ ತೋರಿಸಬೇಡಿ. ಲೋಹದ ಕಡ್ಡಿಯ ನಟ್ಟಿಗೆ ಸಾಮಾನ್ಯವಾಗಿ 4ರಿಂದ 8 ನ್ಯೂಟನ್ ಮೀಟರ್ (ತಿರುಗಿಸಿ ಬಿಗಿಯುವ ಬಲದ ಅಳತೆ) ಸಾಕು. ನಿಮ್ಮ ಸೆನ್ಸರಿನ ಸರಿಯಾದ ಅಂಕಿ ಅದರ ಕಾಗದದಲ್ಲಿರುತ್ತದೆ, ಅದನ್ನೇ ಪಾಲಿಸಿ. ರಬ್ಬರ್ ವಾಲ್ವಿಗೆ ಸೆನ್ಸರನ್ನು ಹಿಡಿದಿರುವ ಪುಟ್ಟ ಸ್ಕ್ರೂಗೆ ಸುಮಾರು 1.4 ನ್ಯೂಟನ್ ಮೀಟರ್ ಅಷ್ಟೇ. ಇದು ಎರಡು ಬೆರಳಿನ ಬಲ. ಚಕ್ರದ ನಟ್ಟು ಬಿಗಿದ ಕೈ ಅದೇ ಜೋರಿನಲ್ಲಿ ಇಲ್ಲಿಗೆ ಬಂದರೆ ಮುರಿಯುವುದು ಖಂಡಿತ.

ಇನ್ನೊಂದು ಮಾತು ಟ್ರಕ್ ಇರುವವರಿಗೆ ಮಾತ್ರ. ಸಾದಾ ರಬ್ಬರ್ ವಾಲ್ವಿನ ಮಿತಿ 65 ಪಿಎಸ್‌ಐ. ಕಾರಿಗೆ ಅದು ಧಾರಾಳ. ಆದರೆ ಭಾರ ಹೊರುವ ಪಿಕಪ್‌ಗಳ ಹಿಂದಿನ ಚಕ್ರಕ್ಕೆ 80 ಪಿಎಸ್‌ಐ ತುಂಬುವುದುಂಟು. ಅಲ್ಲಿ ಲೋಹದ ಕಡ್ಡಿಯ ಸೆನ್ಸರೇ ಬೇಕು, ಇಲ್ಲವೇ ಹೆಚ್ಚು ಒತ್ತಡಕ್ಕೆಂದೇ ಮಾಡಿದ ವಾಲ್ವು. ಕೊಳ್ಳುವಾಗ ಕೇಳಿ ತೆಗೆದುಕೊಳ್ಳಿ.

ಬೇರೆ ಕಂಪನಿಯ ರಿಮ್ ಹಾಕುವವರು ಮೊದಲು ಸೆನ್ಸರನ್ನು ಅದರಲ್ಲಿ ಕೂರಿಸಿ ನೋಡಿ. ಅದು ರಿಮ್ಮಿನ ಗೋಡೆಗೆ ಉಜ್ಜಬಾರದು, ಟೈರ್ ಅಂಚು ಕೂರುವ ಮಟ್ಟಕ್ಕಿಂತ ಮೇಲೆ ಎದ್ದಿರಬಾರದು.

ಗಾಳಿ ಎಷ್ಟು?

ಗಾಡಿ ಕನಿಷ್ಠ ಮೂರು ಗಂಟೆ ನಿಂತ ಮೇಲೆ, ಟೈರ್ ತಣ್ಣಗಿರುವಾಗ ಗಾಳಿ ಅಳೆಯಿರಿ. ಬಾಗಿಲ ಚೌಕಟ್ಟಿನ ಚೀಟಿಯಲ್ಲಿರುವ ಅಂಕಿ ಆ ಗಾಡಿಗೆ ಕಂಪನಿ ಕೊಟ್ಟ ಟೈರಿಗೆ ಹೇಳಿದ್ದು. ತುಂಬಿದ ಮೇಲೆ ವಾಲ್ವಿನ ಬುಡಕ್ಕೂ ಪಿನ್ನಿನ ಮೇಲೂ ಸೋಪಿನ ನೀರು ಹಾಕಿ ಗುಳ್ಳೆ ಬರುತ್ತದೆಯೇ ನೋಡಿ.

ಈಗ ಒಂದು ಅಪಾಯದ ವಿಷಯ. ಅಮೆರಿಕದ ನಿಯಮದ ಪ್ರಕಾರ ಒತ್ತಡ ಚೀಟಿಯ ಅಂಕಿಗಿಂತ ಶೇಕಡ 25ರಷ್ಟು ಇಳಿಯುವ ಹೊತ್ತಿಗೆ ದೀಪ ಬರಬೇಕು. ಚೀಟಿಯಲ್ಲಿ 35 ಇದ್ದರೆ ದೀಪ ಬರುವುದು ಸುಮಾರು 26ಕ್ಕೆ. ಬಹಳ ಜನ ಪಿಕಪ್ ಕೊಂಡ ಮೇಲೆ ಕಾರಿನ ದರ್ಜೆಯ ಟೈರ್ ತೆಗೆದು ಎಲ್‌ಟಿ ಅನ್ನುವ ಗಟ್ಟಿ ಟ್ರಕ್ ಟೈರ್ ಹಾಕಿಸುತ್ತಾರೆ. ಅಷ್ಟೇ ಭಾರ ಹೊರಲು ಎಲ್‌ಟಿ ಟೈರಿಗೆ ಜಾಸ್ತಿ ಗಾಳಿ ಬೇಕು. ನೀವು 50 ತುಂಬಿದ್ದೀರಿ ಅಂದುಕೊಳ್ಳಿ. ಗಾಡಿಗೆ ಅದು ಗೊತ್ತಿಲ್ಲ. ಅದು ಈಗಲೂ 26ಕ್ಕೇ ಕಾಯುತ್ತಿದೆ. ಅಂದರೆ ಹತ್ತಿರ ಹತ್ತಿರ ಅರ್ಧ ಗಾಳಿ ಹೋಗುವವರೆಗೂ ಅದು ಬಾಯಿ ಬಿಡುವುದಿಲ್ಲ. ಭಾರ ಹೇರಿದ ಟೈರ್ ಅಷ್ಟರೊಳಗೆ ಸತ್ತಿರುತ್ತದೆ. ಕೆಲವು ಗಾಡಿಗಳಲ್ಲಿ ಉಪಕರಣದಿಂದ ಈ ಮಿತಿಯನ್ನು ಏರಿಸಬಹುದು. ಏರಿಸಲು ಬರದ ಗಾಡಿಯಾದರೆ ದೀಪವನ್ನು ನೆಚ್ಚಬೇಡಿ. ಡ್ಯಾಶ್‌ಬೋರ್ಡಿನ ಅಂಕಿಗಳನ್ನೇ ದಿನಾ ಬೆಳಿಗ್ಗೆ ಒಮ್ಮೆ ನೋಡುವ ಅಭ್ಯಾಸ ಮಾಡಿಕೊಳ್ಳಿ.

ಚಳಿಯ ಮುಂಜಾನೆ ದೀಪ ಬಂದು, ಸ್ವಲ್ಪ ದೂರ ಹೋದ ಮೇಲೆ ಆರಿಹೋಗುವುದೂ ಉಂಟು. ಸೆನ್ಸರ್ ಕೆಟ್ಟಿದೆ ಅಂತ ಅಂದುಕೊಳ್ಳಬೇಡಿ. 35 ಪಿಎಸ್‌ಐ ಇರುವ ಟೈರಿನಲ್ಲಿ ಬಿಸಿ 5ರಿಂದ 6 ಡಿಗ್ರಿ ಸೆಲ್ಸಿಯಸ್ ಇಳಿದರೆ ಒತ್ತಡ ಸುಮಾರು 1 ಪಿಎಸ್‌ಐ ಇಳಿಯುತ್ತದೆ. 80 ಇರುವ ಟೈರಿನಲ್ಲಿ ಅಷ್ಟಕ್ಕೇ 2ರ ಹತ್ತಿರ ಇಳಿಯುತ್ತದೆ. ಟ್ರಕ್ಕುಗಳಲ್ಲಿ ಈ ಏರಿಳಿತ ಜಾಸ್ತಿ ಕಾಣುವುದು ಇದಕ್ಕೇ.

ಗಾಡಿಗೆ ಹೊಸ ಲೆಕ್ಕ ಕಲಿಸುವುದು

ಚಕ್ರ ಕೂರಿಸಿದ್ದಾಯಿತು. ಈಗ ಯಾವ ನಂಬರ್ ಎಲ್ಲಿದೆ ಅಂತ ಗಾಡಿಗೆ ತಿಳಿಸಬೇಕು. ಇದಕ್ಕೆ ಮೂರು ದಾರಿ. ನಿಮ್ಮ ಗಾಡಿಯದು ಯಾವುದು ಅಂತ ಅದರ ಕೈಪಿಡಿಯಲ್ಲಿದೆ.

ಕೆಲವು ಗಾಡಿಗಳು ತಾವಾಗಿಯೇ ಕಲಿಯುತ್ತವೆ. ಸ್ವಲ್ಪ ಹೊತ್ತು ನಿಲ್ಲಿಸಿದ್ದು, ಆಮೇಲೆ ಒಂದಷ್ಟು ದೂರ ಓಡಿಸಿದರೆ ಸಾಕು. ಮನೆಯ ಬೀದಿಯಲ್ಲಿ ತೆವಳಿದರೆ ಆಗುವುದಿಲ್ಲ, ಸೆನ್ಸರ್ ಎಚ್ಚರಗೊಳ್ಳುವಷ್ಟು ವೇಗ ಬೇಕು.

ಕೆಲವನ್ನು ನಿಂತಲ್ಲೇ ಕಲಿಸಬೇಕು. ಗಾಡಿಯನ್ನು ಕಲಿಯುವ ಸ್ಥಿತಿಗೆ ತಂದು, ಎಡ ಮುಂದಿನ ಚಕ್ರದಿಂದ ಶುರುಮಾಡಿ ಬಲ ಮುಂದೆ, ಬಲ ಹಿಂದೆ, ಕೊನೆಗೆ ಎಡ ಹಿಂದೆ ಅಂತ ಒಂದು ಸುತ್ತು ಬಂದು ಉಪಕರಣದಿಂದ ಒಂದೊಂದನ್ನೇ ಎಬ್ಬಿಸಬೇಕು. ಪ್ರತಿ ಚಕ್ರ ಕಲಿತಾಗಲೂ ಸಾಮಾನ್ಯವಾಗಿ ಹಾರ್ನ್ ಒಂದು ಸಲ ಕೂಗುತ್ತದೆ. ಹತ್ತಿರದಲ್ಲೇ ಸೆನ್ಸರ್ ಇರುವ ಬೇರೆ ಚಕ್ರಗಳನ್ನು ಪೇರಿಸಿಟ್ಟಿದ್ದರೆ ಮೊದಲು ದೂರ ಸಾಗಿಸಿ. ಅವುಗಳ ದನಿಯನ್ನು ಗಾಡಿ ತಪ್ಪಾಗಿ ಹಿಡಿಯಬಹುದು.

ಮೂರನೆಯ ಬಗೆಯಲ್ಲಿ ನಂಬರುಗಳನ್ನು ಸ್ಟೀರಿಂಗ್ ಕೆಳಗಿನ ಒಬಿಡಿ ಪೋರ್ಟಿನ (ಗಾಡಿಯ ಕಂಪ್ಯೂಟರಿಗೆ ಉಪಕರಣ ಸಿಕ್ಕಿಸುವ ಜಾಗ) ಮೂಲಕ ಗಾಡಿಯೊಳಗೆ ಬರೆಯಬೇಕು. ಇದಕ್ಕೆ ಉಪಕರಣ ಬೇಕೇ ಬೇಕು. ಮೊದಲು ಬರೆದಿಟ್ಟ ಹಾಳೆ ಇಲ್ಲಿ ಕೈ ಹಿಡಿಯುತ್ತದೆ.

ರಿಸೆಟ್ ಗುಂಡಿ ಒತ್ತುವುದೂ ಕಲಿಸುವುದೂ ಒಂದೇ ಅಲ್ಲ. ಹಲವು ಗಾಡಿಗಳಲ್ಲಿ ಆ ಗುಂಡಿ ಈಗಿರುವ ಒತ್ತಡವನ್ನೇ ಸರಿಯಾದದ್ದು ಅಂತ ಇಟ್ಟುಕೊಳ್ಳುತ್ತದೆ, ನಂಬರುಗಳನ್ನು ಮುಟ್ಟುವುದಿಲ್ಲ. ಗಾಳಿ ಸರಿಮಾಡದೆ ಅದನ್ನು ಒತ್ತಿದರೆ ಕಡಿಮೆ ಗಾಳಿಯನ್ನೇ ಸರಿ ಅಂತ ಒಪ್ಪಿಸಿದಂತಾಗುತ್ತದೆ.

ಋತುವಿಗೊಂದು ಜೊತೆ ಚಕ್ರ ಇಟ್ಟುಕೊಂಡವರು ಎರಡನೆಯ ಜೊತೆಗೆ ನಂಬರ್ ಬರೆಯಬಹುದಾದ ಸೆನ್ಸರ್ ಕೊಂಡು, ಮೊದಲ ಜೊತೆಯ ನಂಬರುಗಳನ್ನೇ ಅದಕ್ಕೆ ನಕಲು ಮಾಡಿಸಬಹುದು. ಆಗ ಗಾಡಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ, ಪ್ರತಿ ಸಲ ಕಲಿಸುವ ಕೆಲಸ ತಪ್ಪುತ್ತದೆ. ಆದರೆ ಎಡ ಮುಂದಿನ ನಕಲು ಎಡ ಮುಂದೆಯೇ ಹೋಗಬೇಕು.

ಸೆನ್ಸರುಗಳನ್ನೆಲ್ಲ ಒಂದು ಪೈಪಿನಲ್ಲಿ ಹಾಕಿ, ಗಾಳಿ ತುಂಬಿ ಮುಚ್ಚಿ, ಗಾಡಿಯಲ್ಲಿ ಇಟ್ಟುಕೊಳ್ಳುವವರಿದ್ದಾರೆ. ದೀಪ ಬರುವುದಿಲ್ಲ, ನಿಜ. ಟೈರ್ ಸತ್ತರೂ ಬರುವುದಿಲ್ಲ. ನಿಮ್ಮ ಜೊತೆ ಕೂತವರಿಗಾಗಿಯಾದರೂ ಇದನ್ನು ಮಾಡಬೇಡಿ. ಗಾಡಿಯ ಸುರಕ್ಷತಾ ಸಾಧನವನ್ನು ಬೇಕೆಂದೇ ಕೆಲಸ ಮಾಡದಂತೆ ಮಾಡುವುದು ಅಮೆರಿಕದಲ್ಲಿ ರಿಪೇರಿ ಅಂಗಡಿಗಳಿಗೆ ಕಾನೂನಿನಲ್ಲೇ ನಿಷೇಧ.

ದೀಪ ಏನು ಹೇಳುತ್ತಿದೆ

ಕುದುರೆ ಲಾಳದ ನಡುವೆ ಆಶ್ಚರ್ಯಸೂಚಕ ಚಿಹ್ನೆ ಇರುವ ದೀಪ ಬಂದು ಸುಮ್ನೆ ಉರಿಯುತ್ತಿದ್ದರೆ ಗಾಳಿ ಕಡಿಮೆ ಇದೆ. ಗಾಡಿ ಶುರುಮಾಡಿದಾಗ ಒಂದು, ಒಂದೂವರೆ ನಿಮಿಷ ಮಿಟುಕಿ, ಆಮೇಲೆ ಉರಿಯುತ್ತಾ ನಿಂತರೆ ವ್ಯವಸ್ಥೆಯಲ್ಲಿ ದೋಷ: ಸೆನ್ಸರ್ ಸತ್ತಿದೆ, ಇಲ್ಲವೇ ನಂಬರ್ ಗೊತ್ತಿಲ್ಲ. ಟೈರ್ ಬದಲಿಸಿದ ಮಾರನೆಯ ದಿನ ಮಿಟುಕಿದರೆ ಕಲಿಸುವ ಹೆಜ್ಜೆಯಲ್ಲಿ ಏನೋ ತಪ್ಪಿದೆ ಅಂತಲೇ ಮೊದಲು ನೋಡಿ. ಅಥವಾ ಸೆನ್ಸರ್ 433 ಮೆಗಾಹರ್ಟ್ಸ್‌ನದ್ದಾಗಿ ಗಾಡಿ 315ರದ್ದಾಗಿರಬಹುದು. ಅಂಥ ಜೋಡಿ ಎಂದೂ ಮಾತಾಡಿಕೊಳ್ಳುವುದಿಲ್ಲ.

ದೊಡ್ಡ ಲಾರಿಗಳಲ್ಲಿ

ಲಾರಿ, ಟ್ರೇಲರ್‌ಗಳಲ್ಲಿ ವಾಲ್ವಿನ ಮುಚ್ಚಳದ ಜಾಗಕ್ಕೇ ತಿರುಗಿಸಿ ಕೂರಿಸುವ ಸೆನ್ಸರುಗಳು ಹೆಚ್ಚು. ಇವುಗಳ ಲೆಕ್ಕ ಉಲ್ಟಾ, ಚೆನ್ನಾಗಿ ಗಮನಿಸಿ. ಒಳಗಿನ ಸೆನ್ಸರ್ ಚಕ್ರದ ಜೊತೆ ಹೋಗುತ್ತದೆ. ಮುಚ್ಚಳದ ಸೆನ್ಸರ್ ಜಾಗದ ಜೊತೆ ಉಳಿಯಬೇಕು. ಬಿಚ್ಚುವ ಮೊದಲು ಎಲ್ಲ ತೆಗೆದು, ಯಾವ ಆಕ್ಸಲ್, ಯಾವ ಬದಿ, ಜೋಡಿ ಚಕ್ರವಾದರೆ ಒಳಗಿನದೋ ಹೊರಗಿನದೋ ಅಂತ ಪಟ್ಟಿ ಅಂಟಿಸಿ ಬರೆದಿಡಿ. ಚಕ್ರ ಯಾವುದೇ ಬರಲಿ, ಸೆನ್ಸರ್ ಮಾತ್ರ ತನ್ನ ಹಳೆಯ ಜಾಗಕ್ಕೇ ಹೋಗಲಿ.

ಈ ಸೆನ್ಸರ್ ಕೂತಾಗ ವಾಲ್ವಿನ ಪಿನ್ನನ್ನು ಒತ್ತಿ ತೆರೆದೇ ಇಟ್ಟಿರುತ್ತದೆ. ಹಾಗಾಗಿ ಅದರ ರಬ್ಬರ್ ಸರಿ ಇಲ್ಲದಿದ್ದರೆ ರಾತ್ರಿ ಬೆಳಗಾಗುವುದರಲ್ಲಿ ಟೈರ್ ಖಾಲಿ. ಸೋಪಿನ ನೀರಿನ ಪರೀಕ್ಷೆ ಇಲ್ಲಿ ತಪ್ಪಿಸಲೇಬಾರದು. ಅದರ ತೂಕಕ್ಕೆ ರಬ್ಬರ್ ವಾಲ್ವು ಅಲ್ಲಾಡಿ ಬುಡದಲ್ಲಿ ಸೀಳುತ್ತದೆ, ಆದ್ದರಿಂದ ಲೋಹದ ವಾಲ್ವೇ ಇರಲಿ.

ಜೋಡಿ ಚಕ್ರದಲ್ಲಿ ಒಂದರ ಗಾಳಿ ಹೋದರೂ ಪಕ್ಕದ್ದು ಭಾರ ಹೊತ್ತು ನಿಂತಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಕಷ್ಟಪಟ್ಟು ಕೈ ಹಾಕಬೇಕಾದ ಆ ಒಳಗಿನ ಚಕ್ರಕ್ಕೇ ಸೆನ್ಸರ್ ಎಲ್ಲಕ್ಕಿಂತ ಹೆಚ್ಚು ಬೇಕು.

ಕೊನೆಯ ಪರೀಕ್ಷೆ

ಕಲಿಸಿದ್ದು ಸರಿಯಾಗಿದೆಯೇ ಅಂತ ತಿಳಿಯಲು ಒಂದೇ ಖಚಿತ ದಾರಿ. ಎಡ ಮುಂದಿನ ಚಕ್ರದಿಂದ ನಾಲ್ಕೈದು ಪಿಎಸ್‌ಐ ಗಾಳಿ ಬಿಡಿ. ಒಂದೆರಡು ಕಿಲೋಮೀಟರ್, ಸೆನ್ಸರ್ ಎಚ್ಚರಗೊಳ್ಳುವಷ್ಟು ವೇಗದಲ್ಲಿ ಓಡಿಸಿ. ಡ್ಯಾಶ್‌ಬೋರ್ಡಿನಲ್ಲಿ ಎಡ ಮುಂದಿನ ಅಂಕಿಯೇ ಇಳಿದಿರಬೇಕು. ಬೇರೆ ಯಾವುದೋ ಇಳಿದಿದ್ದರೆ ಲೆಕ್ಕ ತಪ್ಪಿದೆ, ಮತ್ತೆ ಕಲಿಸಿ. ಆಮೇಲೆ ಬಲ ಹಿಂದಿನದಕ್ಕೂ ಹೀಗೇ ಮಾಡಿ, ಬಿಟ್ಟ ಗಾಳಿ ತುಂಬಿ.

80ರಿಂದ 160 ಕಿಲೋಮೀಟರ್ ಓಡಿದ ಮೇಲೆ ಚಕ್ರದ ನಟ್ಟುಗಳನ್ನು ಟಾರ್ಕ್ ರೆಂಚಿನಲ್ಲಿ ಇನ್ನೊಮ್ಮೆ ನೋಡಿ. ಆವಾಗಲೇ ಪ್ರತಿ ಚಕ್ರಕ್ಕೆ ಗೇಜ್ ಹಾಕಿ ಡ್ಯಾಶ್‌ಬೋರ್ಡಿನ ಅಂಕಿಗೆ ಹೋಲಿಸಿ. ಒಂದೆರಡು ಪಿಎಸ್‌ಐ ಆಚೀಚೆ ಇದ್ದರೆ ಪರವಾಗಿಲ್ಲ. ಹೊಸ ನಂಬರುಗಳನ್ನು, ತಾರೀಖನ್ನು ಅದೇ ಹಾಳೆಯಲ್ಲಿ ಬರೆದು ಗಾಡಿಯ ಕಾಗದಗಳ ಜೊತೆ ಇಡಿ. ಮುಂದಿನ ಸಲ ಟೈರ್ ಬಿಚ್ಚುವವರಿಗೆ ಮೊದಲು ಅದನ್ನು ಕೊಡಿ.